ಬೂಷ್ಟಿಗೂ ಒಂದು ಕೆಮಿಸ್ಟ್ರಿ ಇದೆ: ಶಿಲೀಂಧ್ರ ಯಾವಾಗ ಒಂಟಿ, ಯಾವಾಗ ಜೋಡಿ?

ಹಾಸ್ಟೆಲ್ ರೂಮಿನಲ್ಲಿ ನಾಲ್ಕು ದಿನ ಮರೆತುಬಿಟ್ಟ ಬ್ರೆಡ್ ಪ್ಯಾಕೆಟ್ ತೆಗೆದು ನೋಡಿ. ಬಿಳಿ ಹತ್ತಿಯ ಹಾಗೆ ಬೂಷ್ಟು ಬೆಳೆದಿರುತ್ತೆ, ಅದರ ಮೇಲೆ ಗುಂಡುಸೂಜಿಯ ತಲೆಯಂಥ ಕಪ್ಪು ಚುಕ್ಕೆಗಳು. ಹೆಚ್ಚಾಗಿ ಅದು ರೈಜೋಪಸ್ ಅನ್ನೋ ಶಿಲೀಂಧ್ರ. ಒಂದೊಂದು ಚುಕ್ಕೆಯೊಳಗೂ ಸಾವಿರಾರು ಬೀಜಕಗಳು, ಅಂದ್ರೆ ಸ್ಪೋರ್‌ಗಳು. ಒಂದು ಸ್ಪೋರ್ ಎಲ್ಲಿ ಬಿದ್ದರೂ ಅಲ್ಲೊಂದು ಹೊಸ ಬೂಷ್ಟು, ಡಿಎನ್‌ಎ ಮಟ್ಟದಲ್ಲಿ ಹಳೆಯದರ ಕಾಪಿ-ಪೇಸ್ಟ್. ಇದು ಅಲೈಂಗಿಕ ಸಂತಾನೋತ್ಪತ್ತಿ. ಸಂಗಾತಿ ಬೇಡ, ಹುಡುಕಾಟ ಬೇಡ, ಖರ್ಚು ಕಡಿಮೆ.

ಇದೇ ಬೂಷ್ಟು ಬೇರೆ ಸಂದರ್ಭದಲ್ಲಿ ಇನ್ನೊಂದು ಬೂಷ್ಟಿನ ಜೊತೆ ಸೇರಿ, ದಪ್ಪ ಗೋಡೆಯ, ಒರಟು ಮೈಯ ಬೇರೆಯೇ ಥರದ ಬೀಜಕ ಮಾಡುತ್ತೆ. ಅದರಲ್ಲಿ ಇಬ್ಬರ ಜೀನ್‌ಗಳೂ ಬೆರೆತಿರುತ್ತವೆ. ಇದು ಲೈಂಗಿಕ ಸಂತಾನೋತ್ಪತ್ತಿ. (ಈ ಪದ ಬಂದ ಕೂಡಲೇ ಕೊನೆ ಬೆಂಚಿನಲ್ಲಿ ನಗು ಶುರುವಾಗುತ್ತೆ ಅಂತ ಗೊತ್ತು. ನಗುವವರು ನಕ್ಕು ಮುಗಿಸಿ ಬನ್ನಿ, ಕಾಯ್ತೀನಿ.)

ಕಣ್ಣು, ಕಿವಿ, ಮೆದುಳು ಒಂದೂ ಇಲ್ಲದ ಈ ಜೀವಿ, ಈಗ ಒಂಟಿಯಾಗಿ ಕಾಪಿ ಮಾಡಬೇಕಾ, ಜೋಡಿ ಹುಡುಕಬೇಕಾ ಅಂತ ಹೇಗೆ ತೀರ್ಮಾನ ಮಾಡುತ್ತೆ? ಜೋಡಿ ಪಕ್ಕದಲ್ಲಿ ಇದೆ ಅಂತ ಅದಕ್ಕೆ ಯಾರು ಹೇಳಿದರು? ಉತ್ತರ ಬಹುಪಾಲು ರಾಸಾಯನಿಕಗಳಲ್ಲಿದೆ. ನಾನು ಇಲೆಕ್ಟ್ರಾನಿಕ್ಸ್ ವಿದ್ಯಾರ್ಥಿ. 'ಬಯಾಲಜಿ ಫಾರ್ ಎಂಜಿನಿಯರ್ಸ್' ಪೇಪರ್ ಪಾಸಾಗೋದಕ್ಕೆ ಎಷ್ಟು ಬೇಕೋ ಅಷ್ಟೇ ಓದೋಣ ಅಂತ ಕೂತವನಿಗೆ ಇದರಲ್ಲಿ ಸಿಗ್ನಲ್, ಫೀಡ್‌ಬ್ಯಾಕ್, ಹ್ಯಾಂಡ್‌ಶೇಕ್ ಎಲ್ಲ ಕಂಡವು. ಜೊತೆಗೆ ನಮ್ಮೂರ ಅಡಿಕೆ ತೋಟವೂ ಕಂಡಿತು. ಅದಕ್ಕೇ ಬರೀತಿದ್ದೀನಿ.

ಹೊಟ್ಟೆ ತುಂಬಿದ್ದಾಗ, ಹಸಿದಾಗ

ಮೊದಲ ಪಾಠ ಬಹಳ ಹಳೆಯದು. ಜರ್ಮನಿಯ ಸಸ್ಯವಿಜ್ಞಾನಿ ಗಿಯೋರ್ಗ್ ಕ್ಲೆಬ್ಸ್ 1898-1900ರ ಸುಮಾರಿಗೆ ಸ್ಯಾಪ್ರೊಲೆಗ್ನಿಯಾ ಅನ್ನೋ ನೀರಿನ ಬೂಷ್ಟನ್ನು ಇಟ್ಟುಕೊಂಡು ಒಂದು ಸರಳ ಪ್ರಯೋಗ ಮಾಡಿದರು. ಒಳ್ಳೆಯ ಆಹಾರ ಇರುವ ದ್ರಾವಣದಲ್ಲಿ ಬಿಟ್ಟರೆ ಅದು ಸುಮ್ಮನೆ ಎಳೆ ಬಿಟ್ಟುಕೊಂಡು ಬೆಳೀತಾನೇ ಇರುತ್ತೆ. ಚೆನ್ನಾಗಿ ತಿಂದು ಬೆಳೆದ ಬೂಷ್ಟನ್ನು ತಟ್ಟನೆ ಶುದ್ಧ ನೀರಿಗೆ ಹಾಕಿದರೆ ಅಲೈಂಗಿಕ ಸ್ಪೋರ್ ಮಾಡುತ್ತೆ. ಆಹಾರ ನಿಧಾನವಾಗಿ ಕಡಿಮೆಯಾಗೋ ಹಾಗೆ ಮಾಡಿದರೆ ಲೈಂಗಿಕ ಅಂಗಗಳು ಮೂಡುತ್ತವೆ. ಅಂದ್ರೆ ಈ ಹಂತಗಳು ವಯಸ್ಸಿಗೆ ತಕ್ಕ ಹಾಗೆ ತಾವಾಗಿಯೇ ಬರುವಂಥವಲ್ಲ, ಹೊರಗಿನ ಪರಿಸ್ಥಿತಿಯನ್ನು ಬದಲಿಸಿ ನಮಗೆ ಬೇಕಾದ ಹಂತವನ್ನು ತರಿಸಬಹುದು. ಇನ್‌ಪುಟ್ ಬದಲಿಸಿದರೆ ಔಟ್‌ಪುಟ್ ಬದಲಾಗುತ್ತೆ. ನಮಗಿದು ದಿನಾ ಕೇಳುವ ಮಾತು, ಆ ಕಾಲದ ಜೀವಶಾಸ್ತ್ರಕ್ಕೆ ದೊಡ್ಡ ಮಾತು.

ಬ್ರೆಡ್, ಬಿಯರ್ ಮಾಡೋ ಯೀಸ್ಟ್‌ನಲ್ಲಿ ಇದು ಇನ್ನೂ ಸ್ಪಷ್ಟ. (ಇಡ್ಲಿ ಹಿಟ್ಟು ಹುದುಗಿ ಉಬ್ಬೋದು ಮುಖ್ಯವಾಗಿ ಬ್ಯಾಕ್ಟೀರಿಯಾದಿಂದ. ಆ ಕೀರ್ತಿಯನ್ನು ಯೀಸ್ಟ್‌ಗೆ ಕೊಡಬೇಡಿ.) ಗ್ಲೂಕೋಸ್, ನೈಟ್ರೋಜನ್ ಧಾರಾಳವಾಗಿ ಸಿಕ್ಕರೆ ಯೀಸ್ಟ್ ಕೋಶ ಮೊಗ್ಗು ಬಿಟ್ಟು ಸುಮಾರು ಒಂದೂವರೆ ಗಂಟೆಗೆ ಎರಡಾಗುತ್ತೆ. ನೈಟ್ರೋಜನ್ ಪೂರ್ತಿ ನಿಲ್ಲಿಸಿ, ಗ್ಲೂಕೋಸ್ ತೆಗೆದು, ಅದರ ಜಾಗದಲ್ಲಿ ಅಸಿಟೇಟ್ ಕೊಡಿ. ಎರಡು ಸೆಟ್ ಕ್ರೋಮೋಸೋಮ್ ಇರುವ ಕೋಶವಾದರೆ ಮೊಗ್ಗು ಬಿಡೋದನ್ನು ನಿಲ್ಲಿಸಿ, ಮಿಯೋಸಿಸ್ ಮಾಡಿ, ಒಂದೇ ಚೀಲದಲ್ಲಿ ನಾಲ್ಕು ಗಟ್ಟಿ ಸ್ಪೋರ್ ಕಟ್ಟಿಡುತ್ತೆ. ಇಲ್ಲಿ ಮೂರು ಷರತ್ತು ಒಟ್ಟಿಗೆ ಬೇಕು: ನೈಟ್ರೋಜನ್ ಇರಬಾರದು, ಗ್ಲೂಕೋಸ್ ಇರಬಾರದು, ಉಸಿರಾಡಲು ಅಸಿಟೇಟ್‌ನಂಥ ಇಂಧನ ಇರಬೇಕು. ಲಾಜಿಕ್ ಡಿಸೈನ್ ಲ್ಯಾಬಿನಲ್ಲಿ ನಾವು ಕಟ್ಟೋ ಮೂರು ಇನ್‌ಪುಟ್‌ನ ಆಂಡ್ ಗೇಟ್, ಎರಡು ಇನ್‌ಪುಟ್‌ಗೆ ಮುಂದೆ ಇನ್ವರ್ಟರ್ ಹಾಕಿದ್ದು.

ಕಷ್ಟ ಬಂದಾಗಲೇ ಯಾಕೆ ಈ ಲೈಂಗಿಕ ದಾರಿ? ಎಲ್ಲ ಚೆನ್ನಾಗಿದ್ದಾಗ ಈಗಿರುವ ಜೀನ್‌ಗಳೇ ಸಾಕು, ಕಾಪಿ ಮಾಡಿದರೆ ಆಯ್ತು. ಪರಿಸ್ಥಿತಿ ಕೆಟ್ಟಾಗ ಹೊಸ ಕಾಂಬಿನೇಶನ್‌ಗಳಲ್ಲಿ ಯಾವುದಾದರೂ ಒಂದು ಗೆಲ್ಲಬಹುದು. ಜೊತೆಗೆ ಹುಟ್ಟುವ ಸ್ಪೋರ್ ದಪ್ಪ ಗೋಡೆಯದು, ಬಿಸಿಲು-ಬರ ತಡೆದುಕೊಂಡು ಕಾಯಬಲ್ಲದು. ಈ ಎರಡನೇ ಕಾರಣ ನನಗೆ ಮೊದಲಿನದಕ್ಕಿಂತ ಹೆಚ್ಚು ಮುಖ್ಯ ಅನಿಸುತ್ತೆ. ಯಾಕೆ ಅನ್ನೋದು ಅಡಿಕೆ ತೋಟಕ್ಕೆ ಹೋದಾಗ ಗೊತ್ತಾಗುತ್ತೆ.

ಪ್ಲಸ್, ಮೈನಸ್

1904ರಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ಆಲ್ಬರ್ಟ್ ಬ್ಲೇಕ್ಸ್‌ಲೀ ಅನ್ನೋರು ಮ್ಯೂಕರ್ ಜಾತಿಯ, ಅಂದ್ರೆ ನಮ್ಮ ಬ್ರೆಡ್ ಬೂಷ್ಟಿನ ಬಳಗದ ಶಿಲೀಂಧ್ರಗಳ ಮೇಲೆ ಒಂದು ವಿಷಯ ಕಂಡುಹಿಡಿದರು. ಒಂದೇ ಸ್ಪೋರ್‌ನಿಂದ ಬೆಳೆಸಿದ ಬೂಷ್ಟು ಒಂಟಿಯಾಗಿ ಎಷ್ಟು ದಿನ ಇದ್ದರೂ ಜೋಡಿ ಸ್ಪೋರ್ ಮಾಡಲ್ಲ. ಸರಿಯಾದ ಇನ್ನೊಂದನ್ನು ಅದೇ ತಟ್ಟೆಯಲ್ಲಿ ಬೆಳೆಸಿದರೆ, ಎರಡೂ ಎದುರಾಗುವ ಗೆರೆಯ ಉದ್ದಕ್ಕೂ ಕಪ್ಪಗೆ ಸ್ಪೋರ್‌ಗಳ ಸಾಲು. ನೋಡೋದಕ್ಕೆ ಎರಡೂ ಒಂದೇ ಥರ, ಗಂಡು-ಹೆಣ್ಣು ಅನ್ನೋ ಗುರುತೇ ಇಲ್ಲ. ಹಾಗಾಗಿ ಅವರು ಪ್ಲಸ್, ಮೈನಸ್ ಅಂತ ಹೆಸರಿಟ್ಟರು. ಬ್ಯಾಟರಿ ನೆನಪಾದರೆ ತಪ್ಪಿಲ್ಲ.

ಮಜಾ ಏನಂದ್ರೆ, ಪ್ಲಸ್ ಮತ್ತು ಮೈನಸ್ ಒಂದನ್ನೊಂದು ಮುಟ್ಟುವ ಮೊದಲೇ ಎರಡೂ ವಿಶೇಷ ಎಳೆಗಳನ್ನು ಬಿಡಲು ಶುರು ಮಾಡುತ್ತವೆ, ಆ ಎಳೆಗಳು ಒಂದರ ಕಡೆ ಒಂದು ಬಾಗುತ್ತವೆ. ಜರ್ಮನಿಯ ಹ್ಯಾನ್ಸ್ ಬುರ್ಗೆಫ್ 1924ರಲ್ಲಿ, ಎರಡನ್ನೂ ಒಂದು ತೆಳು ಪೊರೆಯಿಂದ ಬೇರೆ ಮಾಡಿಟ್ಟರೂ ಇದು ಆಗುತ್ತೆ ಅಂತ ತೋರಿಸಿದರು. ಎಳೆ ಪೊರೆ ದಾಟಲಾರದು. ದಾಟಿದ್ದು ಯಾವುದೋ ರಾಸಾಯನಿಕ.

ಆ ರಾಸಾಯನಿಕದ ಹೆಸರು ಟ್ರೈಸ್ಪೋರಿಕ್ ಆಮ್ಲ. ರಚನೆ ಗೊತ್ತಾಗಿದ್ದು 1960ರ ದಶಕದಲ್ಲಿ. ಇದು ಹುಟ್ಟೋದು ಬೀಟಾ ಕ್ಯಾರೊಟೀನ್‌ನಿಂದ, ಅಂದ್ರೆ ಕ್ಯಾರೆಟ್‌ಗೆ ಬಣ್ಣ ಕೊಡೋ ಅದೇ ವಸ್ತುವಿನಿಂದ. ನಾನು ಈ ಭಾಗವನ್ನು ಎರಡು ಸಲ ಓದಿದೆ, ಯಾಕಂದ್ರೆ ಮೊದಲ ಸಲ ನಂಬಲಿಲ್ಲ: ಪ್ಲಸ್ ಒಂದೇ ಇದ್ದರೆ ಟ್ರೈಸ್ಪೋರಿಕ್ ಆಮ್ಲ ಮಾಡಲು ಆಗಲ್ಲ. ಮೈನಸ್ ಒಂದೇ ಇದ್ದರೂ ಆಗಲ್ಲ. ಇಬ್ಬರ ಹತ್ತಿರವೂ ತಯಾರಿಕೆಯ ದಾರಿ ಅರ್ಧರ್ಧ ಇದೆ. ಪ್ಲಸ್ ಕ್ಯಾರೊಟೀನನ್ನು ಒಡೆದು ಒಂದು ಅರೆಬರೆ ವಸ್ತು ಮಾಡಿ ಹೊರಗೆ ಬಿಡುತ್ತೆ, ಮುಂದಿನ ಹೆಜ್ಜೆಗೆ ಬೇಕಾದ ಎನ್‌ಜೈಮ್ ಅದರ ಹತ್ತಿರ ಇಲ್ಲ. ಮೈನಸ್ ಇನ್ನೊಂದು ಅರೆಬರೆ ವಸ್ತು ಮಾಡಿ ಬಿಡುತ್ತೆ, ಅದರದ್ದೂ ಅದೇ ಕಥೆ. ಪ್ಲಸ್‌ನ ವಸ್ತುವನ್ನು ಮೈನಸ್ ಪೂರ್ತಿ ಮಾಡುತ್ತೆ, ಮೈನಸ್‌ನದ್ದನ್ನು ಪ್ಲಸ್ ಪೂರ್ತಿ ಮಾಡುತ್ತೆ. ಕೊನೆಗೆ ಇಬ್ಬರ ಕೈಯಲ್ಲೂ ಒಂದೇ ಆಮ್ಲ.

ನೆಟ್‌ವರ್ಕ್ಸ್ ಕ್ಲಾಸಿನಲ್ಲಿ ಹೇಳೋ ಹ್ಯಾಂಡ್‌ಶೇಕ್ ನೆನಪು ಮಾಡಿಕೊಳ್ಳಿ. ನಾನು ಕಳಿಸಿದ್ದು ನಿನಗೆ ಸಿಕ್ಕಿತಾ, ನೀನು ಕಳಿಸಿದ್ದು ನನಗೆ ಸಿಕ್ಕಿತಾ, ಎರಡೂ ಖಾತ್ರಿಯಾದ ಮೇಲೇ ಕನೆಕ್ಷನ್. ಇಲ್ಲೂ ಎದುರಿಗೆ ನಿಜವಾಗಿ ಸರಿಯಾದ ಜೋಡಿ ಇದ್ದರೆ ಮಾತ್ರ ಆಮ್ಲ ಹುಟ್ಟುತ್ತೆ. ಇನ್ನೊಂದು ಪ್ಲಸ್ ಪಕ್ಕಕ್ಕೆ ಬಂದರೆ ಏನೂ ಆಗಲ್ಲ. ತಪ್ಪು ಅಲಾರಂ ಸಾಧ್ಯವೇ ಇಲ್ಲದ ಹಾಗೆ ಡಿಸೈನ್. ಅದರ ಮೇಲೆ ಒಂದು ಪಾಸಿಟಿವ್ ಫೀಡ್‌ಬ್ಯಾಕ್ ಬೇರೆ: ಹುಟ್ಟಿದ ಟ್ರೈಸ್ಪೋರಿಕ್ ಆಮ್ಲ ಇನ್ನಷ್ಟು ಕ್ಯಾರೊಟೀನ್ ತಯಾರಿಸಿ ಅಂತ ಕೋಶಗಳನ್ನು ಒತ್ತಾಯಿಸುತ್ತೆ. ಕ್ಯಾರೊಟೀನ್ ಹೆಚ್ಚಾದರೆ ಕಚ್ಚಾ ವಸ್ತು ಹೆಚ್ಚು, ಆಮ್ಲ ಇನ್ನೂ ಹೆಚ್ಚು.

ಕೆಮಿಕಲ್ ಮತ್ತು ಬಯೋಟೆಕ್ ಗೆಳೆಯರು ಇದನ್ನು ಕೇಳಿ ಸುಮ್ಮನೆ ಇರ್ತಾರಾ? ಬ್ಲೇಕ್ಸ್‌ಲಿಯಾ ಟ್ರೈಸ್ಪೋರಾ ಅಂತ ಒಂದು ಶಿಲೀಂಧ್ರ ಇದೆ (ಹೌದು, ಅದೇ ಬ್ಲೇಕ್ಸ್‌ಲೀ ಹೆಸರಿನಲ್ಲಿ). ಅದರ ಪ್ಲಸ್, ಮೈನಸ್ ಎರಡನ್ನೂ ಒಂದೇ ದೊಡ್ಡ ಫರ್ಮೆಂಟರ್‌ಗೆ ಹಾಕಿ, ಅವು ಪರಸ್ಪರ ಸಿಗ್ನಲ್ ಕಳಿಸಿಕೊಳ್ಳುವ ಸಂಭ್ರಮದಲ್ಲಿ ತಯಾರಿಸೋ ಬೀಟಾ ಕ್ಯಾರೊಟೀನನ್ನು ಕೈಗಾರಿಕೆಗಳು ತೆಗೆದುಕೊಳ್ಳುತ್ತವೆ. ಆಹಾರಕ್ಕೆ ಹಾಕುವ ಹಳದಿ-ಕಿತ್ತಳೆ ಬಣ್ಣದಲ್ಲಿ ಒಂದು ಪಾಲು ಹೀಗೆ ಬಂದದ್ದು.

ದಿಕ್ಕು ಹಿಡಿಯೋದು ಹೇಗೆ

ಸಿಗ್ನಲ್ ಇದೆ ಅನ್ನೋದು ಒಂದು, ಯಾವ ದಿಕ್ಕಿನಿಂದ ಬರ್ತಿದೆ ಅನ್ನೋದು ಇನ್ನೊಂದು. ನೀರಿನಲ್ಲಿ ಬದುಕುವ ಅಲ್ಲೊಮೈಸಿಸ್ ಅನ್ನೋ ಶಿಲೀಂಧ್ರದಲ್ಲಿ ಹೆಣ್ಣು ಕೋಶ ಸೈರೆನಿನ್ ಅನ್ನೋ ವಸ್ತು ಬಿಡುತ್ತೆ, ಕಿತ್ತಳೆ ಬಣ್ಣದ ಗಂಡು ಕೋಶಗಳು ಅದರ ದಾರಿ ಹಿಡಿದು ಈಜಿ ಬರುತ್ತವೆ. ಗ್ರೀಕ್ ಪುರಾಣದಲ್ಲಿ ಹಾಡಿ ಹಾಡಿ ನಾವಿಕರನ್ನು ಸೆಳೆಯುತ್ತಿದ್ದ ಸೈರನ್‌ಗಳ ಹೆಸರನ್ನು ಇದಕ್ಕೆ ಇಟ್ಟವರಿಗೆ ಸ್ವಲ್ಪ ತಮಾಷೆ ಬುದ್ಧಿ ಇತ್ತು.

ಯೀಸ್ಟ್ ಈಜಲ್ಲ, ಕೂತಲ್ಲೇ ಕೂತಿರುತ್ತೆ. ಒಂದೇ ಸೆಟ್ ಕ್ರೋಮೋಸೋಮ್ ಇರುವ ಯೀಸ್ಟ್‌ನಲ್ಲಿ ಎರಡು ಬಗೆ: 'ಎ' ಮತ್ತು 'ಆಲ್ಫಾ'. ಆಲ್ಫಾ ಕೋಶ 13 ಅಮೈನೋ ಆಮ್ಲಗಳ ಒಂದು ಪುಟ್ಟ ಪೆಪ್ಟೈಡ್ ಬಿಡುತ್ತೆ. ಎ ಕೋಶ 12 ಅಮೈನೋ ಆಮ್ಲಗಳದ್ದು ಬಿಡುತ್ತೆ, ಅದಕ್ಕೆ ಎಣ್ಣೆಯಂಥ ಒಂದು ಬಾಲ ಅಂಟಿಸಿರುತ್ತೆ. ಎದುರಿನವರ ಪೆಪ್ಟೈಡ್ ತಗುಲಿದ ಕೂಡಲೇ ಕೋಶ ಮೂರು ಕೆಲಸ ಮಾಡುತ್ತೆ: ವಿಭಜನೆ ನಿಲ್ಲಿಸುತ್ತೆ, ಜೋಡಿಯಾಗಲು ಬೇಕಾದ ಜೀನ್‌ಗಳನ್ನು ಆನ್ ಮಾಡುತ್ತೆ, ಸಿಗ್ನಲ್ ಜಾಸ್ತಿ ಇರುವ ದಿಕ್ಕಿಗೆ ಮೂಗು ಚಾಚುತ್ತೆ. ಆ ಮೂಗು ಬಂದ ಕೋಶಕ್ಕೆ ವಿಜ್ಞಾನಿಗಳೇ ಇಟ್ಟ ಹೆಸರು 'ಶ್ಮೂ', ಒಂದು ಅಮೆರಿಕನ್ ಕಾರ್ಟೂನ್ ಪಾತ್ರದ್ದು. ಸಿಗ್ನಲ್ ಬಂದಾಗ ಮೊಗ್ಗು ಬಿಡೋದು ನಿಲ್ಲುತ್ತೆ ಅನ್ನೋದನ್ನು ಗಮನಿಸಿ. ಅಲೈಂಗಿಕ ದಾರಿಯನ್ನು ಮುಚ್ಚಿಯೇ ಲೈಂಗಿಕ ದಾರಿ ತೆರೆಯೋದು.

ಐದು ಮೈಕ್ರಾನ್ ಅಗಲದ ಕೋಶಕ್ಕೆ ತನ್ನ ಎಡಬದಿಗೂ ಬಲಬದಿಗೂ ಇರುವ ಸಿಗ್ನಲ್ ವ್ಯತ್ಯಾಸ ಹೇಗೆ ಗೊತ್ತಾಗಬೇಕು? ಸುತ್ತಲೂ ಹತ್ತಾರು ಆಲ್ಫಾ ಕೋಶಗಳಿದ್ದರೆ ಎಲ್ಲ ಕಡೆಯಿಂದಲೂ ಸಿಗ್ನಲ್ ತುಂಬಿ ಸ್ಯಾಚುರೇಟ್ ಆಗಿಬಿಡುತ್ತೆ. ಇದಕ್ಕೆ ಎ ಕೋಶ ಒಂದು ಉಪಾಯ ಮಾಡಿದೆ. ಬಾರ್-1 ಅನ್ನೋ ಎನ್‌ಜೈಮನ್ನು ಹೊರಗೆ ಬಿಟ್ಟು, ತನ್ನ ಹತ್ತಿರ ಬಂದ ಆಲ್ಫಾ ಪೆಪ್ಟೈಡನ್ನು ತಾನೇ ಕತ್ತರಿಸಿ ಹಾಕುತ್ತೆ. ತಾನು ಕಾಯ್ತಿರೋ ಸಿಗ್ನಲನ್ನೇ ಹಾಳು ಮಾಡೋದು ಹುಚ್ಚುತನ ಅಂತ ಕಾಣುತ್ತೆ. ಆದರೆ ಹಿನ್ನೆಲೆಯ ಗದ್ದಲ ಕಡಿಮೆಯಾದರೇ ತಾನೆ ಹತ್ತಿರದ ಗಟ್ಟಿ ದನಿ ಕೇಳೋದು! ಬಾರ್-1 ಇಲ್ಲದ ರೂಪಾಂತರಿ ಯೀಸ್ಟ್ ಸಿಗ್ನಲ್‌ಗೆ ಅತಿ ಸೂಕ್ಷ್ಮವಾಗಿಬಿಡುತ್ತೆ, ಸರಿಯಾದ ಜೋಡಿಯ ಕಡೆ ತಿರುಗೋದರಲ್ಲಿ ಎಡವುತ್ತೆ. ರಿಸೀವರ್‌ನಲ್ಲಿ ಗೇನ್ ತಗ್ಗಿಸಿ ಡಿಸ್ಟಾರ್ಶನ್ ತಪ್ಪಿಸೋದನ್ನು ನಾವು ಲ್ಯಾಬಿನಲ್ಲಿ ಕಲಿಯೋದೂ ಇದನ್ನೇ.

ಇನ್ನೊಂದನ್ನು ಬೇಗ ಹೇಳಿ ಮುಗಿಸ್ತೀನಿ. ಆಸ್ಪರ್ಜಿಲಸ್ ಬೂಷ್ಟಿನಲ್ಲಿ ಕೊಬ್ಬಿನ ಆಮ್ಲಗಳಿಂದ ಹುಟ್ಟುವ 'ಸೈ ಫ್ಯಾಕ್ಟರ್' ಅನ್ನೋ ಸಣ್ಣ ಗುಂಪು ಇದೆ. ಅದರಲ್ಲಿ ಸೈ-ಬಿ ಹೆಚ್ಚಾದರೆ ಲೈಂಗಿಕ ಸ್ಪೋರ್, ಸೈ-ಎ ಹೆಚ್ಚಾದರೆ ಅಲೈಂಗಿಕ ಸ್ಪೋರ್. ಇಲ್ಲಿ ತೀರ್ಮಾನ ಒಂದೊಂದರ ಪ್ರಮಾಣದಿಂದಲ್ಲ, ಎರಡರ ಅನುಪಾತದಿಂದ. ಶೇಂಗಾ, ಮೆಕ್ಕೆಜೋಳದ ಬೀಜಗಳಲ್ಲೂ ಇದೇ ಜಾತಿಯ ಕೊಬ್ಬಿನ ಆಮ್ಲ ಇರುತ್ತೆ, ಅದು ಬೂಷ್ಟಿನ ಸ್ಪೋರ್ ತಯಾರಿಕೆಯ ಮೇಲೆ ಪ್ರಭಾವ ಬೀರುತ್ತೆ. ಶೇಂಗಾ ಒದ್ದೆಯಾಗಿ ಬೂಷ್ಟು ಹಿಡಿದರೆ ಅಫ್ಲಾಟಾಕ್ಸಿನ್ ವಿಷ ಬರೋದು ಈ ಆಸ್ಪರ್ಜಿಲಸ್ ಬಳಗದಿಂದಲೇ.

ಈಗ ಅಡಿಕೆ ತೋಟಕ್ಕೆ

ಮಲೆನಾಡು, ಕರಾವಳಿಯವರಿಗೆ ಕೊಳೆರೋಗ ಅಂದ್ರೆ ವಿವರಿಸಬೇಕಾಗಿಲ್ಲ. ಬಯಲುಸೀಮೆಯ ಗೆಳೆಯರಿಗಾಗಿ: ಜೂನ್‌ನಿಂದ ಮಳೆ ಹಿಡಿದುಕೊಂಡು ಬಿಡದೇ ಸುರಿಯುವಾಗ ಕೊನೆಯಲ್ಲಿರುವ ಎಳೆ ಅಡಿಕೆಗಳ ಮೇಲೆ ನೀರು ಕುಡಿದ ಹಾಗೆ ಕಲೆ ಮೂಡಿ, ಕೊಳೆತು, ಬಿಳಿ ಬೂಷ್ಟು ಹಿಡಿದು ಉದುರುತ್ತವೆ. ಹಿಡಿಯಿತು ಅಂದ್ರೆ ಎರಡು ಮೂರು ವಾರದಲ್ಲಿ ತೋಟದ ಅಡಿಯೆಲ್ಲ ಉದುರಿದ ಕಾಯಿ. ಸಾಗರದ ಹತ್ತಿರ ನಮ್ಮ ಅಜ್ಜನ ತೋಟದಲ್ಲಿ ಒಂದು ವರ್ಷದ ಆದಾಯ ಅನ್ನೋದು ಆ ಎರಡು ಮೂರು ವಾರದ ಮೇಲೆ ನಿಂತಿರುತ್ತೆ.

ಕಾರಣ ಫೈಟಾಫ್ತೊರಾ. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಧ್ಯಯನ ಮಾಡಿ 1910ರಲ್ಲಿ ಪ್ರಕಟಿಸಿದರು. ಮುಂದೆ ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾದವರು ಇವರೇ. ಒಂದು ತಾಂತ್ರಿಕ ತಕರಾರು ಇದೆ: ಇಂದಿನ ವರ್ಗೀಕರಣದಲ್ಲಿ ಫೈಟಾಫ್ತೊರಾ ನಿಜವಾದ ಶಿಲೀಂಧ್ರ ಅಲ್ಲ. ಅದರ ಗೋಡೆಯಲ್ಲಿ ಸೆಲ್ಯುಲೋಸ್ ಇದೆ, ವಂಶದಲ್ಲಿ ಅದು ಕಂದು ಪಾಚಿಗಳಿಗೆ ಹತ್ತಿರ. ಮೇಲೆ ಹೇಳಿದ ಸ್ಯಾಪ್ರೊಲೆಗ್ನಿಯಾ ಕೂಡ ಇದೇ ಕುಟುಂಬದ್ದು. ಬೂಷ್ಟಿನ ವೇಷ ಹಾಕಿಕೊಂಡು ನೂರು ವರ್ಷ ಶಿಲೀಂಧ್ರಗಳ ಪುಸ್ತಕದಲ್ಲೇ ಕೂತಿದ್ದರಿಂದ ನಾನೂ ಇಲ್ಲೇ ಕೂರಿಸ್ತಿದ್ದೀನಿ.

ಮಳೆಗಾಲದಲ್ಲಿ ಅದು ಹರಡೋದು ಅಲೈಂಗಿಕ ದಾರಿಯಲ್ಲಿ. ಎಳೆಗಳ ತುದಿಯಲ್ಲಿ ನಿಂಬೆಕಾಯಿ ಆಕಾರದ ಪುಟ್ಟ ಚೀಲಗಳು. ಅವಕ್ಕೆ ನೀರು ಸಿಕ್ಕಿ, ಸ್ವಲ್ಪ ತಂಪಾದರೆ ಒಡೆದು ಬಾಲವಿರುವ ಸ್ಪೋರ್‌ಗಳು ಹೊರಗೆ ಬಂದು ಈಜುತ್ತವೆ. ಮಳೆ ಹನಿ ಸಿಡಿದ ಕಡೆಗೆಲ್ಲ ಹೋಗುತ್ತವೆ. ಈ ಈಜುವ ಸ್ಪೋರ್‌ಗಳಿಗೆ ಕೋಶಗೋಡೆಯೇ ಇಲ್ಲ, ಬರೀ ಪೊರೆ. ಬೋರ್ಡೋ ದ್ರಾವಣ ಕೆಲಸ ಮಾಡೋದು ಇಲ್ಲಿ. ಅಡಿಕೆಯ ಮೇಲೆ ಒಣಗಿ ಅಂಟಿಕೊಂಡ ಪದರದಿಂದ ತಾಮ್ರದ ಅಯಾನುಗಳು ನಿಧಾನವಾಗಿ ನೀರಿಗೆ ಬಿಡುಗಡೆಯಾಗಿ ಬೆತ್ತಲೆ ಸ್ಪೋರ್‌ಗಳನ್ನು ಕೊಲ್ಲುತ್ತವೆ. ಕಾಯಿಯ ಒಳಗೆ ಹೊಕ್ಕ ಎಳೆಗೆ ಅದು ಏನೂ ಮಾಡಲ್ಲ. ಮಳೆ ಶುರುವಾದ ಮೇಲೂ ಔಷಧಿ ಹೊಡೀಬಹುದಲ್ಲ ಅಂತ ಒಮ್ಮೆ ಅಜ್ಜನನ್ನು ಕೇಳಿದ್ದೆ. "ರೋಗ ಬಂದಮೇಲೆ ಹೊಡೆದ್ರೆ ಕೊನೆಗೆ ಬಣ್ಣ ಹೊಡೆದ ಹಾಗೆ ಅಷ್ಟೆ ಮಾರಾಯ" ಅಂದರು. ಕೋಶಗೋಡೆ, ಅಯಾನು ಏನೂ ಹೇಳದೆ ವಿಷಯ ಪೂರ್ತಿ ಹೇಳಿದ್ದರು.

ಶೇಕಡಾ 1ರ ಬೋರ್ಡೋ ಅಂದ್ರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಬೇರೆ ಬೇರೆ ಕರಗಿಸಿ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಕಬ್ಬಿಣದ ಪಾತ್ರೆ ಬೇಡ. ಕೊನೆಯಲ್ಲಿ ಒಂದು ಬ್ಲೇಡು ಅಥವಾ ಕತ್ತಿಯ ತುದಿ ಅದ್ದಿ ನೋಡ್ತಾರೆ, ಕೆಂಪಗೆ ತಾಮ್ರ ಅಂಟಿದರೆ ಇನ್ನೂ ಸುಣ್ಣ ಬೇಕು ಅಂತ ಅರ್ಥ. ಕಬ್ಬಿಣ ಕರಗಿ ತಾಮ್ರ ಕೂರೋದು, ಮೊದಲ ಸೆಮಿಸ್ಟರ್‌ನ ಇಲೆಕ್ಟ್ರೋಕೆಮಿಸ್ಟ್ರಿಯೇ.

ಇನ್ನು ಫೈಟಾಫ್ತೊರಾದ ಲೈಂಗಿಕ ದಾರಿ. ಅನೇಕ ಜಾತಿಗಳಲ್ಲಿ ಎ-1, ಎ-2 ಅಂತ ಎರಡು ಬಗೆ. ಇವು ಆಲ್ಫಾ-1, ಆಲ್ಫಾ-2 ಅನ್ನೋ ಹಾರ್ಮೋನ್‌ಗಳಿಂದ ಮಾತಾಡುತ್ತವೆ ಅನ್ನೋದು ಮೊದಲೇ ಗೊತ್ತಿತ್ತು, ಆದರೆ ಸಿಗುವ ಪ್ರಮಾಣ ತೀರಾ ಕಡಿಮೆ ಇದ್ದಿದ್ದರಿಂದ ರಚನೆ ಗೊತ್ತಿರಲಿಲ್ಲ. ಜಪಾನಿನ ನಗೋಯಾದ ಸಂಶೋಧಕರು ಆಲ್ಫಾ-1ರ ರಚನೆಯನ್ನು 2005ರಲ್ಲಿ, ಆಲ್ಫಾ-2ರದ್ದನ್ನು 2011ರಲ್ಲಿ ಪ್ರಕಟಿಸಿದರು. ಎ-2 ಬಗೆ ಫೈಟಾಲ್‌ನಿಂದ ಆಲ್ಫಾ-2 ಮಾಡುತ್ತೆ. ಎ-1 ಆ ಆಲ್ಫಾ-2ನ್ನೇ ತೆಗೆದುಕೊಂಡು ಆಲ್ಫಾ-1 ಮಾಡುತ್ತೆ. ಮತ್ತೆ ಅದೇ ಅರ್ಧರ್ಧದ ಹ್ಯಾಂಡ್‌ಶೇಕ್! ಬ್ರೆಡ್ ಬೂಷ್ಟಿಗೂ ಇದಕ್ಕೂ ಸಂಬಂಧವೇ ಇಲ್ಲ, ಎರಡೂ ಬೇರೆ ಬೇರೆಯಾಗಿ ಒಂದೇ ಉಪಾಯಕ್ಕೆ ಬಂದಿವೆ.

ಫೈಟಾಲ್ ಅಂದ್ರೆ ಏನು ಗೊತ್ತಾ? ಎಲೆಯ ಹಸಿರಿನ, ಅಂದ್ರೆ ಕ್ಲೋರೋಫಿಲ್‌ನ ಬಾಲ. ತಾನು ತಿನ್ನುತ್ತಿರುವ ಗಿಡದ ಹಸಿರಿನಿಂದಲೇ ಜೋಡಿ ಕರೆಯುವ ಪರಿಮಳ ಮಾಡಿಕೊಳ್ಳೋ ಜೀವಿ ಇದು. ಇಷ್ಟೇ ಅಲ್ಲ. ಫೈಟಾಫ್ತೊರಾಕ್ಕೆ ಸ್ಟೀರಾಲ್ ತಯಾರಿಸಲು ಬರಲ್ಲ. ಸ್ಟೀರಾಲ್ ಇಲ್ಲದೆಯೂ ಎಳೆ ಬೆಳೆಯುತ್ತೆ, ಆದರೆ ಲೈಂಗಿಕ ಸ್ಪೋರ್ ಕಟ್ಟೋದಕ್ಕೆ ಹೊರಗಿನಿಂದ ಸ್ಟೀರಾಲ್ ಸಿಗಲೇಬೇಕು ಅಂತ 1960ರ ದಶಕದ ಪ್ರಯೋಗಗಳು ತೋರಿಸಿದವು. ಅದನ್ನೂ ಗಿಡದಿಂದಲೇ ಪಡೆಯುತ್ತೆ. ಅಂಗಡಿಯಲ್ಲಿ ಸಿಗುವ ಬಹಳಷ್ಟು ಶಿಲೀಂಧ್ರನಾಶಕಗಳು, ಅದರಲ್ಲೂ ಹೆಸರಿನ ಕೊನೆಯಲ್ಲಿ 'ಕೊನಜೋಲ್' ಇರುವಂಥವು, ಶಿಲೀಂಧ್ರ ಸ್ಟೀರಾಲ್ ತಯಾರಿಸೋದನ್ನು ತಡೆದು ಕೆಲಸ ಮಾಡುತ್ತವೆ. ತಯಾರಿಸದೇ ಇರೋದನ್ನು ತಡೆಯೋದು ಹೇಗೆ? ಕೊಳೆರೋಗಕ್ಕೆ ಅವನ್ನು ಹೊಡೆದರೆ ದುಡ್ಡು ದಂಡ. ಬೂಷ್ಟು ಅಂದ ಕೂಡಲೇ ಬೂಷ್ಟಿನ ಔಷಧಿ ಅಂತ ಹೋಗೋದರ ಅಪಾಯ ಇದು.

ಈ ಎರಡೂ ಬಗೆ ಒಂದೇ ಕಡೆ ಸೇರಿದರೆ ಏನಾಗುತ್ತೆ ಅನ್ನೋದಕ್ಕೆ ಆಲೂಗಡ್ಡೆಯ ಕಥೆ ಸಾಕ್ಷಿ. 1845ರಿಂದ ಐರ್ಲೆಂಡಿನಲ್ಲಿ ಸುಮಾರು 10 ಲಕ್ಷ ಜನ ಸತ್ತ ಕ್ಷಾಮಕ್ಕೆ ಕಾರಣ ಇನ್ನೊಂದು ಫೈಟಾಫ್ತೊರಾ ಜಾತಿ. ಬಹಳ ಕಾಲ ಮೆಕ್ಸಿಕೋದಿಂದ ಹೊರಗೆ ಕಂಡಿದ್ದು ಎ-1 ಮಾತ್ರ. ಜೋಡಿ ಇಲ್ಲ, ಹಾಗಾಗಿ ಬರೀ ಕಾಪಿಗಳು. 1984ರಲ್ಲಿ ಸ್ವಿಟ್ಜರ್ಲೆಂಡಿನಿಂದ ಎ-2 ಸಿಕ್ಕಿದೆ ಅಂತ ವರದಿ ಬಂತು, ಆಮೇಲೆ ಬೇರೆ ದೇಶಗಳಲ್ಲೂ ಸಿಕ್ಕಿತು. ಎರಡೂ ಇರುವ ಕಡೆ ಹೊಸ ಹೊಸ ಕಾಂಬಿನೇಶನ್‌ಗಳು, ಮತ್ತು ಅದಕ್ಕಿಂತ ತೊಂದರೆಯದು, ದಪ್ಪ ಗೋಡೆಯ ಸ್ಪೋರ್‌ಗಳು. ಅಲೈಂಗಿಕ ಸ್ಪೋರ್ ಬಿಸಿಲಿಗೆ ಬೇಗ ಸಾಯುತ್ತೆ, ಬೆಳೆ ಇಲ್ಲದಿದ್ದರೆ ಉಳಿಯಲ್ಲ. ಲೈಂಗಿಕ ಸ್ಪೋರ್ ಮಣ್ಣಿನಲ್ಲಿ ವರ್ಷಗಟ್ಟಲೆ ಕಾಯುತ್ತೆ. ನಾನು ಮೊದಲು ಹೇಳಿದ ಎರಡನೇ ಕಾರಣ ಇದೇ.

ಅಡಿಕೆ ತೋಟದಲ್ಲಿ ಇದರ ಅರ್ಥ ಸರಳ. ಔಷಧಿ ಮೊದಲ ಮಳೆಗೆ ಮುಂಚೆ, ಮತ್ತೆ 40-45 ದಿನಕ್ಕೆ ಇನ್ನೊಮ್ಮೆ, ಅದು ಈಜುವ ಸ್ಪೋರ್‌ಗಳಿಗೆ. ಉದುರಿದ ಕಾಯಿ, ಮರದಲ್ಲೇ ಒಣಗಿ ಉಳಿದ ರೋಗದ ಕೊನೆ, ಇವನ್ನು ತೆಗೆದು ತೋಟದಿಂದ ಹೊರಗೆ ಸಾಗಿಸೋದು ಮುಂದಿನ ವರ್ಷಕ್ಕೆ ಕಾದು ಕೂರುವ ಸಂತತಿಗೆ. ಔಷಧಿ ಹೊಡೆಯೋದಕ್ಕೆ ಮರ ಹತ್ತುವವರು ಸಿಗೋದೇ ಕಷ್ಟ ಆಗಿರೋ ಈ ದಿನಗಳಲ್ಲಿ, ಕೊಳೆತ ಅಡಿಕೆ ಹೆಕ್ಕೋದಕ್ಕೆ ಯಾರೂ ಬೇಕಾಗಿಲ್ಲ, ರಜೆಗೆ ಮನೆಗೆ ಹೋದ ನಾವೇ ಸಾಕು. ಬುಟ್ಟಿ ಕೊಟ್ಟಿಗೆಯಲ್ಲಿರುತ್ತೆ.